ಒಂಬತ್ತು ವರ್ಷ ಕಾದವರ ಮುನಿಸು

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 2005ರ ಸೆಪ್ಟೆಂಬರ್ 19ರಂದು ಆರಂಭವಾಗಿ, ಒಂಬತ್ತು ಸೀಸನ್‌ಗಳಲ್ಲಿ 208 ಕಂತುಗಳನ್ನು ಪೂರೈಸಿ, 2014ರ ಮಾರ್ಚ್ 31ರಂದು ಮುಗಿದ 'ಹೌ ಐ ಮೆಟ್ ಯುವರ್ ಮದರ್' ಎಂಬ ಹಾಸ್ಯ ಧಾರಾವಾಹಿಯ ಕೊನೆಯ ಕಂತು ತನ್ನ ವೀಕ್ಷಕರಲ್ಲಿ ಎಬ್ಬಿಸಿದ ಅಸಮಾಧಾನ ಒಂದು ದಶಕ ಕಳೆದರೂ ತಣಿದಿಲ್ಲ. ಆ ರಾತ್ರಿ ಸುಮಾರು 1.3 ಕೋಟಿ ಜನ ಅದನ್ನು ನೋಡಿದರು. ಆ ಧಾರಾವಾಹಿಯ ಬೇರೆ ಯಾವ ಕಂತಿಗೂ ಅಷ್ಟು ವೀಕ್ಷಕರು ಸಿಕ್ಕಿರಲಿಲ್ಲ. ಕಾಲ್ಪನಿಕ ಪಾತ್ರಗಳ ಮದುವೆ, ವಿಚ್ಛೇದನ, ಮರುಮಿಲನಗಳ ಬಗ್ಗೆ ವಯಸ್ಸಿಗೆ ಬಂದವರು ಇಷ್ಟೊಂದು ತಲೆಕೆಡಿಸಿಕೊಳ್ಳುವುದನ್ನು ಅಭಿಮಾನಿಗಳ ಹಠವೆಂದೋ ಹುಚ್ಚೆಂದೋ ತಳ್ಳಿಹಾಕುವುದು ಸುಲಭ. ಆದರೆ ಈ ಮುನಿಸನ್ನು ಸಾವಧಾನವಾಗಿ ಪರಿಶೀಲಿಸಿದರೆ, ತಮಗೆ ಬೇಕಾದ ಜೋಡಿ ಒಂದಾಗಲಿಲ್ಲ ಎಂಬ ದೂರಿಗಿಂತ ಗಟ್ಟಿಯಾದ ಆಕ್ಷೇಪವೊಂದು ಅದರೊಳಗೆ ಕಾಣಸಿಗುತ್ತದೆ: ಕಥೆ ತನ್ನ ಕಾಲವನ್ನೆಲ್ಲ ಯಾವುದಕ್ಕೆ ಕೊಟ್ಟಿತ್ತೋ ಅದಕ್ಕೇ ಕೊನೆಯಲ್ಲಿ ಬೆನ್ನು ತಿರುಗಿಸಿತು ಎಂಬುದು ಆ ಆಕ್ಷೇಪ.

ಸಿಟ್‌ಕಾಮ್ ಎಂದು ಚಿಕ್ಕದಾಗಿ ಕರೆಯಲಾಗುವ ಸನ್ನಿವೇಶ ಹಾಸ್ಯದ ಧಾರಾವಾಹಿಯೆಂದರೆ, ಬದಲಾಗದ ಒಂದೆರಡು ಜಾಗಗಳಲ್ಲಿ, ಅಂದರೆ ಒಂದು ಮನೆಯಲ್ಲೋ ಕಚೇರಿಯಲ್ಲೋ ಬಾರಿನಲ್ಲೋ, ಅವೇ ಐದಾರು ಪಾತ್ರಗಳು ವಾರವಾರವೂ ಹೊಸದೊಂದು ಪೇಚಿಗೆ ಸಿಲುಕಿ, ಜಾಹೀರಾತುಗಳನ್ನು ಕಳೆದರೆ ಉಳಿಯುವ ಸುಮಾರು 22 ನಿಮಿಷಗಳಲ್ಲಿ ಅದರಿಂದ ಪಾರಾಗುವ ಪ್ರಕಾರ. ಕಂತಿನ ಕೊನೆಗೆ ಎಲ್ಲವೂ ಮೊದಲಿದ್ದ ಸ್ಥಿತಿಗೆ ಮರಳಬೇಕು, ಏಕೆಂದರೆ ಮುಂದಿನ ವಾರ ಅದೇ ಸೋಫಾದ ಮೇಲೆ ಅದೇ ಜನ ಕೂತಿರಬೇಕು. ಪ್ರೇಮವಾದರೋ ಹಾಗೆ ನಿಂತಲ್ಲೇ ನಿಲ್ಲುವಂಥದ್ದಲ್ಲ. ಅದು ಮೊಳೆಯುತ್ತದೆ, ಬಲಿಯುತ್ತದೆ, ಮುರಿಯುತ್ತದೆ, ಇಲ್ಲವೇ ಸಂಸಾರವಾಗಿ ನೆಲೆಗೊಳ್ಳುತ್ತದೆ. ಮರಳಿ ಮೊದಲಿಗೆ ಬರಬೇಕಾದ ಪ್ರಕಾರದೊಳಗೆ ಮುಂದಕ್ಕೆ ಸಾಗಲೇಬೇಕಾದ ವಸ್ತುವನ್ನು ಇಟ್ಟ ದಿನದಿಂದಲೇ ಬರಹಗಾರರಿಗೂ ವೀಕ್ಷಕರಿಗೂ ನಡುವೆ ಈ ಎಳೆದಾಟ ಶುರುವಾಯಿತು.

ಇದಕ್ಕೆ ಅಚ್ಚು ಹಾಕಿಕೊಟ್ಟದ್ದು ಎನ್‌ಬಿಸಿ ವಾಹಿನಿಯಲ್ಲಿ 1982ರಿಂದ 1993ರವರೆಗೆ ನಡೆದ 'ಚಿಯರ್ಸ್'. ಬಾಸ್ಟನ್ ನಗರದ ಬಾರೊಂದರ ಮಾಲೀಕ, ಮಾಜಿ ಬೇಸ್‌ಬಾಲ್ ಆಟಗಾರ ಸ್ಯಾಮ್ ಮಲೋನ್ ಹಾಗೂ ಅಲ್ಲಿ ಪರಿಚಾರಿಕೆಯಾಗಿ ಸೇರುವ, ಬಹಳ ಓದಿಕೊಂಡ ಡಯಾನ್ ಚೇಂಬರ್ಸ್ ಇವರಿಬ್ಬರೂ ಕೂಡುತ್ತಾರೋ ಇಲ್ಲವೋ ಎಂಬ ಪ್ರಶ್ನೆಯನ್ನು ಅದು ವರ್ಷಗಟ್ಟಲೆ ಜೀವಂತವಾಗಿಟ್ಟಿತು. ಡಯಾನ್ ಪಾತ್ರದ ಶೆಲ್ಲಿ ಲಾಂಗ್ 1987ರಲ್ಲಿ ಧಾರಾವಾಹಿ ಬಿಟ್ಟದ್ದರಿಂದ ಆ ಪ್ರಶ್ನೆಗೆ ಉತ್ತರ ಕೊಡುವ ಹೊಣೆಯಿಂದ ಬರಹಗಾರರು ಒಂದು ಬಗೆಯಲ್ಲಿ ಪಾರಾದರು. ಅದೇ ಹೊತ್ತಿಗೆ ಎಬಿಸಿಯಲ್ಲಿ ಪ್ರಸಾರವಾಗುತ್ತಿದ್ದ, ಹಾಸ್ಯ ಮತ್ತು ಪತ್ತೇದಾರಿ ಬೆರೆತ 'ಮೂನ್‌ಲೈಟಿಂಗ್' (1985–89) ಇನ್ನೊಂದು ಪಾಠವನ್ನು ಬಿಟ್ಟುಹೋಯಿತು: ನಾಯಕ ನಾಯಕಿಯರು 1987ರಲ್ಲಿ ಒಂದಾದ ಮೇಲೆ ವೀಕ್ಷಕರು ಕರಗಿದರು, ಆದ್ದರಿಂದ ಜೋಡಿಯನ್ನು ಕೂಡಿಸಿದರೆ ಕಥೆ ಸಾಯುತ್ತದೆ ಎಂಬ ಪಾಠ. ವಾಸ್ತವದಲ್ಲಿ ಚಿತ್ರೀಕರಣದ ಸತತ ವಿಳಂಬ, ನಾಯಕಿ ಸಿಬಿಲ್ ಶೆಫರ್ಡ್ ಅವಳಿ ಮಕ್ಕಳ ಗರ್ಭಿಣಿಯಾದದ್ದು, ನಾಯಕ ಬ್ರೂಸ್ ವಿಲಿಸ್ 'ಡೈ ಹಾರ್ಡ್' ಸಿನಿಮಾದ ಕಡೆಗೆ ಹೊರಳಿದ್ದು, 1988ರ ಬರಹಗಾರರ ಮುಷ್ಕರ ಇವೆಲ್ಲ ಸೇರಿ ಅದನ್ನು ಕುಸಿಯುವಂತೆ ಮಾಡಿದವು. ಇಬ್ಬರೂ ತಿಂಗಳುಗಟ್ಟಲೆ ಒಂದೇ ದೃಶ್ಯದಲ್ಲಿ ಕಾಣಿಸದೇ ಇದ್ದಾಗ ಅವರ ಪ್ರೇಮ ಯಾರನ್ನು ತಾನೇ ಹಿಡಿದಿಟ್ಟೀತು? ಆದರೂ ತಪ್ಪಾಗಿ ಕಲಿತ ಆ ಪಾಠವನ್ನು ಉದ್ಯಮ ನಂಬಿತು, ಮತ್ತು ಅನಂತರದ ತಲೆಮಾರಿನ ವೀಕ್ಷಕರು ಅನುಭವಿಸಿದ ಕಾಯಿಸುವಿಕೆಯ ದೊಡ್ಡ ಪಾಲು ಈ ನಂಬಿಕೆಯಿಂದಲೇ ಬಂದದ್ದು.

ವೀಕ್ಷಕರು ಹೀಗೆ ಕಾಯುವಾಗ ಅವರ ಮನಸ್ಸಿನಲ್ಲಿ ನಡೆಯುವುದನ್ನು ವಿದ್ವಾಂಸರು ಬಹಳ ಹಿಂದೆಯೇ ಗಮನಿಸಿದ್ದರು. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಪರದೆಯ ಮೇಲಿನ ವ್ಯಕ್ತಿಯ ಜತೆ ನೋಡುಗ ಬೆಳೆಸಿಕೊಳ್ಳುವ ಏಕಮುಖ ಆತ್ಮೀಯತೆಯನ್ನು ಪ್ಯಾರಾಸೋಷಿಯಲ್ ಸಂಬಂಧ ಎಂದು ಕರೆದರು. ಆ ಕಡೆಯವರಿಗೆ ಈ ಕಡೆಯವರ ಗುರುತೂ ಇರದ, ಆದರೆ ಈ ಕಡೆಯವರ ಪಾಲಿಗೆ ನಿಜವಾದ ಒಡನಾಟದ ಲಕ್ಷಣಗಳೆಲ್ಲ ಇರುವ ನಂಟು ಅದು. 2004ರಲ್ಲಿ 'ಫ್ರೆಂಡ್ಸ್' ಧಾರಾವಾಹಿ ಮುಗಿದಾಗ ಕೆರೆನ್ ಎಯಾಲ್ ಮತ್ತು ಜೊನಾಥನ್ ಕೊಹೆನ್ ಎಂಬ ಸಂವಹನ ವಿದ್ವಾಂಸರು 279 ವಿದ್ಯಾರ್ಥಿಗಳನ್ನು ಮಾತನಾಡಿಸಿ, ನೆಚ್ಚಿನ ಪಾತ್ರದೊಂದಿಗೆ ಈ ನಂಟು ಎಷ್ಟು ಗಾಢವಾಗಿತ್ತೋ ಅಗಲಿಕೆಯ ಸಂಕಟವೂ ಅಷ್ಟೇ ಹೆಚ್ಚಿತ್ತೆಂದು 2006ರಲ್ಲಿ ಪ್ರಕಟಿಸಿದರು. ವಾರಕ್ಕೊಮ್ಮೆಯಂತೆ ಹತ್ತು ವರ್ಷ ಮನೆಗೆ ಬಂದುಹೋಗುವ ಪಾತ್ರ, ದೂರದ ಊರಿನ ರಕ್ತಸಂಬಂಧಿಗಿಂತ ಹೆಚ್ಚು ಬಾರಿ ಕಣ್ಣಿಗೆ ಬಿದ್ದಿರುತ್ತದೆ ಎಂಬುದನ್ನು ನೆನೆದರೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಎರಡು ಪಾತ್ರಗಳು ಕೂಡಲೇಬೇಕೆಂದು ಬಯಸಿ ಆ ಜೋಡಿಯ ಪರ ನಿಲ್ಲುವುದನ್ನು ಅಭಿಮಾನಿಗಳ ವಲಯದಲ್ಲಿ ಶಿಪ್ಪಿಂಗ್ ಎನ್ನುತ್ತಾರೆ. 1990ರ ದಶಕದಲ್ಲಿ 'ದಿ ಎಕ್ಸ್-ಫೈಲ್ಸ್' ನೋಡುಗರಿಂದ ಬಳಕೆಗೆ ಬಂದ ಈ ಮಾತು ಈಗ ಎಲ್ಲ ಧಾರಾವಾಹಿಗಳಿಗೂ ಅನ್ವಯವಾಗುತ್ತದೆ.

ನೋಡುಗರ ಈ ಬಯಕೆಯನ್ನು ಬರಹಗಾರರು ಕೇಳಿಸಿಕೊಂಡಾಗ ಏನಾಗುತ್ತದೆ ಎಂಬುದಕ್ಕೆ 'ಫ್ರೆಂಡ್ಸ್' ಒಂದು ಒಳ್ಳೆಯ ನಿದರ್ಶನವನ್ನು ಕೊಡುತ್ತದೆ. ರಾಸ್ ಮತ್ತು ರೇಚೆಲ್ ಎಂಬ ಮುಖ್ಯ ಜೋಡಿಯನ್ನು ಅದು ಹತ್ತು ವರ್ಷ ಕೂಡಿಸಿ ಬಿಡಿಸಿ ಸತಾಯಿಸಿದ್ದು ಎಲ್ಲರಿಗೂ ಗೊತ್ತು. 1997ರಲ್ಲಿ ಅವರಿಬ್ಬರು ಬೇರಾದ ರಾತ್ರಿ ಆ ಸಂಬಂಧ ಮುರಿದಿತ್ತೋ, ಬರೀ ವಿರಾಮ ಪಡೆದಿತ್ತೋ ಎಂಬ ತಕರಾರು ಇವತ್ತಿಗೂ ಇತ್ಯರ್ಥವಾಗಿಲ್ಲ. ಆದರೆ ಆ ಧಾರಾವಾಹಿಯ ಅತ್ಯಂತ ಗಟ್ಟಿಯಾದ ದಾಂಪತ್ಯ ಯಾರ ಯೋಜನೆಯಲ್ಲೂ ಇರಲಿಲ್ಲ. ರಾಸ್‌ನ ಮದುವೆಗೆಂದು ಎಲ್ಲರೂ ಲಂಡನ್ನಿಗೆ ಹೋಗುವ, 1998ರ ಮೇ ತಿಂಗಳಲ್ಲಿ ಪ್ರಸಾರವಾದ ಕಂತಿನಲ್ಲಿ, ಅದೇ ಗೆಳೆಯರ ಗುಂಪಿನ ಚಾಂಡ್ಲರ್‌ನ ಹಾಸಿಗೆಯ ಹೊದಿಕೆಯೊಳಗಿಂದ ಮೋನಿಕಾ ತಲೆ ಎತ್ತುತ್ತಾಳೆ. ಚಿತ್ರೀಕರಣ ನೋಡಲು ಬಂದಿದ್ದ ಲಂಡನ್ನಿನ ಪ್ರೇಕ್ಷಕರು ಹಾಕಿದ ಕೇಕೆ ಎಷ್ಟು ಜೋರಾಗಿತ್ತೆಂದರೆ, ಮುಂದಿನ ಮಾತು ಆಡಲು ನಟರು ಕಾಯಬೇಕಾಯಿತು. ಆ ಸಂಬಂಧವನ್ನು ಕೆಲಕಾಲದ ಪ್ರಸಂಗವಾಗಿ ಮಾತ್ರ ಎಣಿಸಿದ್ದ ಧಾರಾವಾಹಿಯ ಸೃಷ್ಟಿಕರ್ತರಾದ ಡೇವಿಡ್ ಕ್ರೇನ್, ಮಾರ್ಟಾ ಕೌಫ್‌ಮನ್ ಮತ್ತು ಅವರ ಬಳಗ ಆ ಕೇಕೆಯಲ್ಲಿ ತಾವು ಕಾಣದೇ ಇದ್ದದ್ದೊಂದನ್ನು ಗುರುತಿಸಿದರು. ಮೂರು ವರ್ಷಗಳ ಅನಂತರ ಆ ಇಬ್ಬರಿಗೂ ಮದುವೆಯಾಯಿತು. ಜೋಡಿ ಕೂಡಿದರೆ ಕಥೆ ಸಾಯುತ್ತದೆ ಎಂಬ ಹಳೆಯ ನಂಬಿಕೆಯನ್ನು ಸುಳ್ಳು ಮಾಡಿದ್ದೂ ಈ ಸಂಸಾರವೇ.

'ಹೌ ಐ ಮೆಟ್ ಯುವರ್ ಮದರ್' ಅಂಥ ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡು ತಯಾರಾದದ್ದಲ್ಲ. ಹಿಂದಕ್ಕೂ ಮುಂದಕ್ಕೂ ಜಿಗಿಯುವ ಚಿಕ್ಕ ಚಿಕ್ಕ ದೃಶ್ಯಗಳು ಒಂದೊಂದು ಕಂತಿನಲ್ಲೂ ರಾಶಿ ಬೀಳುತ್ತಿದ್ದುದರಿಂದ ಅದನ್ನು ಖಾಲಿ ಸ್ಟುಡಿಯೋದಲ್ಲಿ ಮೂರು ದಿನ ಚಿತ್ರೀಕರಿಸಿ, ಸಂಕಲನ ಮುಗಿದ ಮೇಲೆ ಜನರಿಗೆ ತೋರಿಸಿ ಅವರ ನಗುವನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದರು. ನೋಡುಗರ ನಗು ಕಥೆಗೆ ಬಂದು ಸೇರುತ್ತಿದ್ದುದು ಎಲ್ಲವೂ ತೀರ್ಮಾನವಾದ ಮೇಲೆ. ತಯಾರಿಕೆಯ ಈ ಕ್ರಮವೇ ಕೊನೆಯ ಅನಾಹುತಕ್ಕೆ ಕಾರಣ ಎನ್ನುವುದು ಅತಿಯಾದೀತು. ಆದರೂ ಜನ ಯಾವುದಕ್ಕೆ ಮಿಡಿಯುತ್ತಾರೆಂದು ನಿಂತು ಕೇಳುವ ಗಳಿಗೆ ಅದರಲ್ಲಿ ಇರಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ.

ಅದರ ಕಥಾಚೌಕಟ್ಟು ಹೀಗಿದೆ. 2030ರಲ್ಲಿ ಟೆಡ್ ಮೋಸ್ಬಿ ಎಂಬ ವಾಸ್ತುಶಿಲ್ಪಿ ತನ್ನ ಮಗಳು ಮತ್ತು ಮಗನನ್ನು ಸೋಫಾದ ಮೇಲೆ ಕೂರಿಸಿ, ಅವರ ತಾಯಿಯನ್ನು ತಾನು ಹೇಗೆ ಭೇಟಿಯಾದೆನೆಂದು ಹೇಳತೊಡಗುತ್ತಾನೆ. ವಯಸ್ಸಾದ ಟೆಡ್‌ನ ದನಿ ಬಾಬ್ ಸ್ಯಾಗೆಟ್ ಅವರದು, ಯುವಕ ಟೆಡ್ ಆಗಿ ನಟಿಸಿದವರು ಜಾಶ್ ರ‍್ಯಾಡ್ನರ್. ಮೊದಲ ಕಂತಿನಲ್ಲಿ ಅವನು ನ್ಯೂಯಾರ್ಕಿನ ಬಾರೊಂದರಲ್ಲಿ ರಾಬಿನ್ ಎಂಬ ಟಿವಿ ವರದಿಗಾರ್ತಿಯನ್ನು ಕಂಡು ಮರುಳಾಗಿ, ಅವಳಿಗಾಗಿ ರೆಸ್ಟೋರೆಂಟೊಂದರ ಗೋಡೆಯಿಂದ ನೀಲಿ ಫ್ರೆಂಚ್ ಹಾರ್ನ್ ವಾದ್ಯವನ್ನು ಕದ್ದು ತರುತ್ತಾನೆ. ಕಂತು ಮುಗಿಯುವಾಗ ಮಾತ್ರ, ಈಕೆ ಆ ಮಕ್ಕಳ ತಾಯಿಯಲ್ಲ, ಅವರು ಆಂಟಿ ಎಂದು ಕರೆಯುವ ರಾಬಿನ್ ಎಂಬುದು ಗೊತ್ತಾಗುತ್ತದೆ. ಹಾಗಾದರೆ ತಾಯಿ ಯಾರು? ಈ ಪ್ರಶ್ನೆಯ ಮೇಲೆ ಕಾರ್ಟರ್ ಬೇಸ್ ಮತ್ತು ಕ್ರೇಗ್ ಥಾಮಸ್ ಎಂಬ ಇಬ್ಬರು ಗೆಳೆಯರು ಒಂಬತ್ತು ವರ್ಷ ಕಥೆ ಕಟ್ಟಿದರು. ಮಧ್ಯದಲ್ಲೇ ವಾಹಿನಿ ಧಾರಾವಾಹಿಯನ್ನು ನಿಲ್ಲಿಸಿಬಿಟ್ಟರೆ ವಿಕ್ಟೋರಿಯಾ ಎಂಬ ಪಾತ್ರವನ್ನೇ ತಾಯಿಯೆಂದು ತೋರಿಸಿ ಮುಗಿಸುವ ಲೆಕ್ಕಾಚಾರವೂ ಮೊದಮೊದಲು ಅವರಲ್ಲಿತ್ತು. ಅಮೆರಿಕದ ವಾಹಿನಿಗಳಲ್ಲಿ ಧಾರಾವಾಹಿಯ ಆಯುಷ್ಯ ವರ್ಷವರ್ಷಕ್ಕೂ ನಿರ್ಧಾರವಾಗುವಂಥದ್ದಾದ್ದರಿಂದ ಇಂಥ ಮುನ್ನೆಚ್ಚರಿಕೆ ಅಲ್ಲಿ ಸಹಜ.

ಇನ್ನೊಂದು ಮುನ್ನೆಚ್ಚರಿಕೆ ದುಬಾರಿಯಾಯಿತು. ಕಥೆ ಕೇಳುವ ಮಕ್ಕಳ ಪಾತ್ರದ ಲಿಂಡ್ಸಿ ಫೊನ್ಸೆಕಾ ಮತ್ತು ಡೇವಿಡ್ ಹೆನ್ರಿ ಬೆಳೆದು ದೊಡ್ಡವರಾಗುವ ಮುನ್ನ ಕೊನೆಯ ದೃಶ್ಯವನ್ನು ಹಿಡಿದಿಡಬೇಕೆಂದು, ಎರಡನೆಯ ಸೀಸನ್ನಿನ ಅವಧಿಯಲ್ಲೇ ಅವರ ಪ್ರತಿಕ್ರಿಯೆಯನ್ನು ಗುಟ್ಟಾಗಿ ಚಿತ್ರೀಕರಿಸಿ ಭದ್ರವಾಗಿ ಇಡಲಾಯಿತು. ತಾಯಿ ತೀರಿಕೊಂಡು ಆರು ವರ್ಷಗಳಾಗಿವೆ, ಅಪ್ಪನಿಗೆ ಈಗಲೂ ಆಂಟಿ ರಾಬಿನ್ ಮೇಲೆ ಮನಸ್ಸಿದೆ, ಆದ್ದರಿಂದ ಅವನು ಹೋಗಿ ಅವಳನ್ನು ಕರೆಯಲಿ ಎಂದು ಮಕ್ಕಳು ಒತ್ತಾಯಿಸುವ ದೃಶ್ಯ ಅದು. ಆ ಹೊತ್ತಿನ ಮಟ್ಟಿಗೆ ಈ ಮುಕ್ತಾಯದಲ್ಲಿ ಅಪಸ್ವರವೇನೂ ಇರಲಿಲ್ಲ. ಮೊದಲೆರಡು ಸೀಸನ್‌ಗಳ ಬೆನ್ನೆಲುಬು ಟೆಡ್ ಮತ್ತು ರಾಬಿನ್ ಅವರ ಪ್ರೇಮವೇ ಆಗಿತ್ತು. ಅವನಿಗೆ ಮದುವೆ ಮಕ್ಕಳು ಬೇಕು, ಅವಳಿಗೆ ಬೇಡ ಎಂಬ ಒಂದೇ ಕಾರಣಕ್ಕೆ ಅವರು ಅಗಲಿದ್ದರು. ಧಾರಾವಾಹಿ ಮೂರನೆಯ ವರ್ಷಕ್ಕೆ ಮುಗಿದಿದ್ದರೆ ಈ ಅಂತ್ಯವನ್ನು ಜನ ಕಣ್ಣೊರೆಸಿಕೊಂಡು ಮೆಚ್ಚುತ್ತಿದ್ದರೋ ಏನೋ. ಆದರೆ ಅದು ಮುಗಿಯಲಿಲ್ಲ, ಬೆಳೆಯಿತು. ಏಳು ವರ್ಷ ತಡವಾಗಿ ಬಳಕೆಗೆ ಬಂದ ಆ ದೃಶ್ಯ, ಪುಟ್ಟ ಹುಡುಗನ ಅಳತೆಗೆ ಹೊಲಿಸಿಟ್ಟ ಅಂಗಿಯನ್ನು ಮೀಸೆ ಬಂದ ಮೇಲೆ ಅವನಿಗೆ ತೊಡಿಸಿದಂತಾಯಿತು.

ಆ ಏಳು ವರ್ಷಗಳಲ್ಲಿ ಆದದ್ದೇನು? ಹೆಂಗಸರನ್ನು ಬೇಟೆಯಂತೆ ಕಾಣುತ್ತಿದ್ದ, ಟೆಡ್‌ನ ಗೆಳೆಯ ಬಾರ್ನಿ ಸ್ಟಿನ್ಸನ್ ರಾಬಿನ್‌ಳನ್ನು ಪ್ರೀತಿಸಿ, ಕಳೆದುಕೊಂಡು, ಮತ್ತೆ ಪ್ರೀತಿಸಿ, ಕ್ರಮೇಣ ಬದಲಾದನು; ನೀಲ್ ಪ್ಯಾಟ್ರಿಕ್ ಹ್ಯಾರಿಸ್ ಮತ್ತು ಕೋಬಿ ಸ್ಮಲ್ಡರ್ಸ್ ಆ ಬದಲಾವಣೆಯನ್ನು ನಂಬುವಂತೆ ಅಭಿನಯಿಸಿದರು. ಟೆಡ್ ತನ್ನ ಪ್ರೇಮವನ್ನು ಏಳನೆಯ ಸೀಸನ್ನಿನಲ್ಲಿ ಮತ್ತೊಮ್ಮೆ ರಾಬಿನ್ ಮುಂದಿಟ್ಟು, ಇಲ್ಲವೆಂಬ ಉತ್ತರವನ್ನು ಅವಳ ಬಾಯಿಂದಲೇ ಕೇಳಿದನು. ಒಂಬತ್ತನೆಯ ಸೀಸನ್ನಿನಲ್ಲಂತೂ ಅವಳ ಮದುವೆಯ ದಿನದ ಬೆಳಗಿನ ಜಾವ ಕಡಲ ದಂಡೆಯಲ್ಲಿ ಅವನು ಅವಳ ಕೈ ಬಿಡುವುದನ್ನೂ, ಅವಳು ಬಲೂನಿನಂತೆ ಮೇಲೇರಿ ದೂರವಾಗುವುದನ್ನೂ ತೋರಿಸಲಾಯಿತು. ಇದಕ್ಕಿಂತ ಸ್ಪಷ್ಟವಾಗಿ ಒಂದು ಪ್ರೇಮಕ್ಕೆ ವಿದಾಯ ಹೇಳುವುದು ಸಾಧ್ಯವಿಲ್ಲ. ಜತೆಗೆ, 24 ಕಂತುಗಳ ಆ ಕೊನೆಯ ಸೀಸನ್ನಿನ ಬಹುತೇಕ ಎಲ್ಲವೂ ಫಾರ್‌ಹ್ಯಾಂಪ್ಟನ್ ಎಂಬ ಊರಿನ ಹೋಟೆಲಿನಲ್ಲಿ, ಬಾರ್ನಿ ಮತ್ತು ರಾಬಿನ್ ಮದುವೆಯ ಒಂದೇ ವಾರಾಂತ್ಯದಲ್ಲಿ ನಡೆಯುತ್ತದೆ. ಮಾರ್ಚ್ 24ರಂದು ಪ್ರಸಾರವಾದ 22ನೆಯ ಕಂತಿನಲ್ಲಿ ಮದುವೆ ಆಯಿತು. ಮುಂದಿನ ಸೋಮವಾರ ಒಟ್ಟಿಗೆ ಪ್ರಸಾರವಾದ ಕೊನೆಯ ಎರಡು ಕಂತುಗಳ ಆರಂಭದಲ್ಲೇ, ಕಥೆಯ ಲೆಕ್ಕದಲ್ಲಿ ಮೂರು ವರ್ಷ ಮುಂದಕ್ಕೆ ಹಾರಿ, ವಿಚ್ಛೇದನವೂ ಆಗಿಹೋಯಿತು. ಅದಕ್ಕೆ ಕೊಟ್ಟ ಜಾಗ ಅರ್ಜೆಂಟೀನಾದ ಹೋಟೆಲ್ ಕೋಣೆಯೊಂದರ ಚಿಕ್ಕ ದೃಶ್ಯ: ರಾಬಿನ್‌ಳ ಕೆಲಸದ ಅಲೆದಾಟದಿಂದ ಬಾರ್ನಿ ಬೇಸತ್ತಿದ್ದಾನೆ, ಈಗಲೇ ಹೊರಬರುವ ದಾರಿ ಕೊಟ್ಟರೆ ಬರುವೆಯಾ ಎಂದು ಅವಳು ಅವನನ್ನು ಕೇಳುತ್ತಾಳೆ, ಅಷ್ಟೇ. ಪ್ರವಾಸ ಮತ್ತು ವೃತ್ತಿ ದಾಂಪತ್ಯವನ್ನು ಒಡೆಯಬಲ್ಲವು, ಅದು ಲೋಕದಲ್ಲಿ ನಡೆಯುವಂಥದ್ದೇ. ಆದರೆ ಅದನ್ನು ನಡೆಸಿ ತೋರಿಸಲು ಬೇಕಾದ ಕಾಲವನ್ನು ಹೂವು, ಅತಿಥಿ, ಊಟಗಳ ಗಡಿಬಿಡಿಗೆ ವ್ಯಯಿಸಿದ ಮೇಲೆ ನೋಡುಗರ ಪಾಲಿಗೆ ಉಳಿದದ್ದು ಒಂದು ಸುದ್ದಿ ಮಾತ್ರ.

ತಾಯಿಯ ವಿಷಯದಲ್ಲಿ ಆದ ಗಾಯ ಇದಕ್ಕಿಂತ ಆಳವಾದದ್ದು. 2013ರ ಮೇ ತಿಂಗಳಲ್ಲಿ, ಎಂಟನೆಯ ಸೀಸನ್ನಿನ ಕೊನೆಯ ಗಳಿಗೆಯಲ್ಲಿ, ಹಳದಿ ಕೊಡೆ ಹಿಡಿದು ಫಾರ್‌ಹ್ಯಾಂಪ್ಟನ್‌ಗೆ ರೈಲು ಟಿಕೆಟ್ ಕೇಳುವ ತರುಣಿಯಾಗಿ ಕ್ರಿಸ್ಟಿನ್ ಮಿಲಿಯೋಟಿ ಮೊದಲು ಕಾಣಿಸಿಕೊಂಡರು. ಎಂಟು ವರ್ಷ ಹೊಗಳಿಸಿಕೊಂಡ ಅದೃಶ್ಯ ಪಾತ್ರಕ್ಕೆ ಮುಖ ಕೊಡುವುದು ಯಾರಿಗಾದರೂ ಕಷ್ಟದ ಕೆಲಸ, ಅವರು ಕೆಲವೇ ಕಂತುಗಳಲ್ಲಿ ಅದನ್ನು ಗೆದ್ದರು. 2014ರ ಜನವರಿಯಲ್ಲಿ ಪ್ರಸಾರವಾದ 200ನೆಯ ಕಂತು ಸಂಪೂರ್ಣವಾಗಿ ಅವರ ಪಾತ್ರದ್ದು: 2005ರಲ್ಲಿ, ತನ್ನ 21ನೆಯ ಹುಟ್ಟುಹಬ್ಬದ ರಾತ್ರಿ ಪ್ರಿಯಕರ ಮ್ಯಾಕ್ಸ್ ಸತ್ತ ಸುದ್ದಿ ಕೇಳಿದ ಆಕೆ, ಎಂಟು ವರ್ಷಗಳ ಅನಂತರ ಇನ್ನೊಬ್ಬನ ಮದುವೆ ಪ್ರಸ್ತಾಪವನ್ನು ಒಲ್ಲೆನೆಂದು ಎದ್ದುಬಂದು, ಸತ್ತವನ ಜತೆ ಮನಸ್ಸಿನಲ್ಲೇ ಮಾತಾಡಿ ಅವನಿಂದ ಬಿಡುಗಡೆ ಪಡೆದು, ಹೋಟೆಲಿನ ಬಾಲ್ಕನಿಯಲ್ಲಿ ಉಕುಲೇಲೆ ಹಿಡಿದು ಫ್ರೆಂಚ್ ಹಾಡೊಂದನ್ನು ಹಾಡುತ್ತಾಳೆ, ಪಕ್ಕದ ಬಾಲ್ಕನಿಯಲ್ಲಿ ಟೆಡ್ ಅವಳಾರೆಂದು ತಿಳಿಯದೆ ಅದನ್ನು ಕೇಳುತ್ತ ಕೂತಿದ್ದಾನೆ. ಹಾಸ್ಯ ಧಾರಾವಾಹಿಗಳಲ್ಲಿ ಇಷ್ಟು ಘನತೆಯಿಂದ ಮೂಡಿಬಂದ ದುಃಖ ಅಪರೂಪ.

ಈ ಕಂತನ್ನು ಮುಕ್ತಾಯದ ಸಮರ್ಥಕರೂ ಎತ್ತಿ ತೋರಿಸುತ್ತಾರೆ, ಮತ್ತು ಅವರ ವಾದದಲ್ಲಿ ಹುರುಳಿದೆ. ಪ್ರಿಯಕರನನ್ನು ಕಳೆದುಕೊಂಡ ಹೆಣ್ಣು ಎರಡನೆಯ ಪ್ರೇಮಕ್ಕೆ ತೆರೆದುಕೊಳ್ಳುವುದು ಸರಿಯೆನ್ನುವ ಕಥೆ, ಹೆಂಡತಿಯನ್ನು ಕಳೆದುಕೊಂಡ ಟೆಡ್‌ಗೂ ಅದೇ ಅವಕಾಶ ಕೊಡಬೇಡವೇ ಎಂದು ಅವರು ಕೇಳುತ್ತಾರೆ. ಕೊಡಬೇಕು, ನಿಜ. ಆದರೆ ಮ್ಯಾಕ್ಸ್‌ನ ಸಾವಿಗೆ ಶೋಕಿಸಲು ಆಕೆಗೆ ಒಂದು ಇಡೀ ಕಂತು ಸಿಕ್ಕಿತ್ತು, ಆಕೆಯ ಸಾವಿಗೆ ಶೋಕಿಸಲು ನೋಡುಗರಿಗೆ ಸಿಕ್ಕಿದ್ದು ಆಸ್ಪತ್ರೆಯ ಹಾಸಿಗೆಯ ಒಂದು ನೋಟ, ಹೆಸರಿಲ್ಲದ ಕಾಯಿಲೆ, ಹಿನ್ನೆಲೆ ದನಿಯ ಕೆಲವು ವಾಕ್ಯಗಳು. ಆಕೆಯ ಹೆಸರು ಟ್ರೇಸಿ ಮೆಕ್‌ಕಾನೆಲ್ ಎಂದು ಗೊತ್ತಾಗುವುದೂ ಅದೇ ಕೊನೆಯ ಕಂತಿನಲ್ಲಿ. ರೈಲು ನಿಲ್ದಾಣದಲ್ಲಿ ಮಳೆಯಲ್ಲಿ ನಿಂತು, ಹಳದಿ ಕೊಡೆ ಯಾರದು ಎಂದು ಅವರಿಬ್ಬರು ವಾದಿಸುತ್ತ ಪರಿಚಯವಾಗುವ ದೃಶ್ಯ, ಒಂಬತ್ತು ವರ್ಷಗಳ ನಿರೀಕ್ಷೆ ಕೈಗೂಡುವ ಆ ದೃಶ್ಯ, ಮುಗಿದದ್ದೇ ತಡ, 2006ರ ಸುಮಾರಿಗೆ ಹಿಡಿದಿಟ್ಟ ಮಕ್ಕಳ ಮುಖ ಕಾಣುತ್ತದೆ. ಕಥೆಯಲ್ಲಿ ಅಮ್ಮ ಇರುವುದೇ ಅಪರೂಪ, ಆದ್ದರಿಂದ ಇದು ಅಮ್ಮನ ಕಥೆಯಲ್ಲ ಎಂದು ಮಗಳು ಹೇಳುತ್ತಾಳೆ. ಆ ಮಾತು ಚಿತ್ರೀಕರಣವಾದಾಗ ತಾಯಿಯ ಪಾತ್ರಕ್ಕೆ ನಟಿಯೇ ಇರಲಿಲ್ಲ. ಅದು ಪ್ರಸಾರವಾದಾಗ ಒಂದು ಪೂರ್ತಿ ಸೀಸನ್ ಆಕೆಯನ್ನು ನೋಡಿ, ಮೆಚ್ಚಿ, ತಮ್ಮವಳೆಂದುಕೊಂಡ ಕೋಟ್ಯಂತರ ಜನ ಅದನ್ನು ಕೇಳಿದರು.

ಅಭಿಮಾನಿಗಳ ದೂರುಗಳಲ್ಲಿ ಅತ್ಯಂತ ಹರಿತವಾದದ್ದು ಇಲ್ಲಿಂದಲೇ ಹೊರಟಿತು. ಮಕ್ಕಳು ಬೇಕೆಂಬ ಟೆಡ್‌ನ ಆಸೆಯನ್ನು ಈಡೇರಿಸಿ, ಅವು ದೊಡ್ಡವಾಗುವ ಹೊತ್ತಿಗೆ ಪಕ್ಕಕ್ಕೆ ಸರಿದು, ಮಕ್ಕಳು ಬೇಡವೆಂದಿದ್ದ ರಾಬಿನ್‌ಳ ಬಳಿಗೆ ಅವನು ಹೋಗುವಂತೆ ದಾರಿ ಬಿಡುವ ಸಾಧನವಾಗಿ ಟ್ರೇಸಿಯನ್ನು ಬಳಸಲಾಯಿತು ಎಂಬ ಈ ದೂರನ್ನು ಅತಿಭಾವುಕತೆ ಎನ್ನಲಾಗದು. ಕಥೆಯ ಜೋಡಣೆಯನ್ನು ಬಿಡಿಬಿಡಿಯಾಗಿ ಬಿಚ್ಚಿ ನೋಡಿದವರು ಮಾತ್ರ ಹೇಳಬಲ್ಲ ಮಾತು ಅದು. ರಾಬಿನ್‌ಗೂ ಇದರಿಂದ ನ್ಯಾಯ ಸಿಗಲಿಲ್ಲ, ಏಕೆಂದರೆ ಲೋಕ ಸುತ್ತಿ ಹೆಸರು ಮಾಡಿದ ಪತ್ರಕರ್ತೆ ಕೊನೆಗೆ ನಾಯಿಗಳ ಜತೆ ಕಿಟಕಿಯಲ್ಲಿ ನಿಂತು, ಕೆಳಗೆ ನೀಲಿ ವಾದ್ಯ ಎತ್ತಿ ಹಿಡಿದವನನ್ನು ನೋಡುವಷ್ಟಕ್ಕೇ ಅವಳ ಬಾಳು ಬಂದು ನಿಂತಿತು. ನಿರ್ಮಾಪಕರು ತಮ್ಮ ಮೂಲ ಯೋಜನೆಗೆ ನಿಷ್ಠರಾಗಿದ್ದರೆಂಬುದು ನಿಜ. ತಾವೇ ಬರೆದು ಬೆಳೆಸಿದ ಪಾತ್ರಗಳಿಗೆ ಅದೇ ನಿಷ್ಠೆ ದೊರೆಯಲಿಲ್ಲ.

2014ರ ಸೆಪ್ಟೆಂಬರಿನಲ್ಲಿ ಹೊರಬಂದ ಡಿವಿಡಿ ಸಂಪುಟದಲ್ಲಿ ಇನ್ನೊಂದು ಮುಕ್ತಾಯವನ್ನು ಸೇರಿಸಲಾಯಿತು. ಅದರಲ್ಲಿ ಟ್ರೇಸಿ ಸಾಯುವುದಿಲ್ಲ, ಟೆಡ್ ರಾಬಿನ್‌ಳ ಮನೆಗೆ ಹೋಗುವುದೂ ಇಲ್ಲ. ಕಥೆ ರೈಲು ನಿಲ್ದಾಣದಲ್ಲೇ ನಿಲ್ಲುತ್ತದೆ. ಅದಕ್ಕಾಗಿ ಹೊಸ ಕಥೆಯನ್ನೇನೂ ಹೆಣೆಯಬೇಕಾಗಿರಲಿಲ್ಲ, ಕೆಲವು ನಿಮಿಷಗಳನ್ನು ಕತ್ತರಿಸಿ ಹಿನ್ನೆಲೆ ದನಿಯನ್ನು ತುಸು ಬದಲಿಸಿದ್ದೇ ಸಾಕಾಯಿತು. ಹಾಗೆ ಕತ್ತರಿಸಿದರೂ ಕಥೆ ಕುಂದಿಲ್ಲದೆ ನಿಂತದ್ದು ನೋಡುಗರ ಆಕ್ಷೇಪಕ್ಕೆ ಸಿಕ್ಕ ದೊಡ್ಡ ಪುರಾವೆ. ಆದರೂ ದೂರದರ್ಶನದಲ್ಲಿ ಪ್ರಸಾರವಾದದ್ದೇ ಅಧಿಕೃತವೆಂಬ ರೂಢಿ ಬಲವಾದದ್ದರಿಂದ, ಈ ಪರ್ಯಾಯದಿಂದ ಸಮಾಧಾನಗೊಂಡವರು ಹೆಚ್ಚಿಲ್ಲ.

ಇಂಥ ಮುನಿಸು ಪ್ರಸಾರ ಇನ್ನೂ ನಡೆಯುತ್ತಿರುವಾಗಲೇ ವ್ಯಕ್ತವಾದರೆ ಒಮ್ಮೊಮ್ಮೆ ಫಲ ಕೊಡುತ್ತದೆ. 'ದಿ ಆಫೀಸ್' ಧಾರಾವಾಹಿಯ ಅಮೆರಿಕನ್ ಆವೃತ್ತಿಯ ಕೊನೆಯ ಸೀಸನ್ನಿನಲ್ಲಿ, 2013ರ ಆರಂಭದಲ್ಲಿ, ಜಿಮ್ ಮತ್ತು ಪ್ಯಾಮ್ ದಂಪತಿಯ ನಡುವೆ ಬಿರುಕು ತೋರಿಸಿ, ಅಳುತ್ತಿದ್ದ ಪ್ಯಾಮ್‌ಳನ್ನು ಸಂತೈಸಲು ಕಥೆಯೊಳಗಿನ ಚಿತ್ರೀಕರಣ ತಂಡದ ಬ್ರಿಯಾನ್ ಎಂಬ ಧ್ವನಿಗ್ರಾಹಕನನ್ನು ತರಲಾಯಿತು. ವೀಕ್ಷಕರು ಕೆರಳಿದರು, ಆ ಪಾತ್ರ ಬಂದಷ್ಟೇ ಬೇಗ ಮರೆಯಾಯಿತು, ದಾಂಪತ್ಯ ಉಳಿಯಿತು.

'ಹೌ ಐ ಮೆಟ್ ಯುವರ್ ಮದರ್' ಧಾರಾವಾಹಿಯ ಜಾಡಿನಲ್ಲೇ 2022ರ ಜನವರಿಯಲ್ಲಿ ಹುಲು ಎಂಬ ಸ್ಟ್ರೀಮಿಂಗ್ ವೇದಿಕೆಯಲ್ಲಿ 'ಹೌ ಐ ಮೆಟ್ ಯುವರ್ ಫಾದರ್' ಶುರುವಾಯಿತು. ಹಿಲರಿ ಡಫ್ ಅದರ ನಾಯಕಿ ಸೋಫಿ. 2050ರಲ್ಲಿ ಮಗನಿಗೆ ಕಥೆ ಹೇಳುವ ವಯಸ್ಸಾದ ಸೋಫಿಯಾಗಿ ಕಿಮ್ ಕ್ಯಾಟ್ರಲ್ ನಟಿಸಿದರು. ಹಿಂದಿನ ಕಹಿ ನೆನಪಿದ್ದುದರಿಂದಲೋ ಏನೋ, ಹೊಸ ಬರಹಗಾರರು ಮೊದಲ ಕಂತಿನಲ್ಲೇ ಆ ರಾತ್ರಿ ಅವಳು ಭೇಟಿಯಾದವರಲ್ಲಿ ಒಬ್ಬನೇ ತಂದೆ ಎಂದು ಹೇಳಿ, ತಾಯಿಯನ್ನು ಎಂಟು ವರ್ಷ ಮರೆಯಲ್ಲಿಟ್ಟ ಹಳೆಯ ದಾರಿಯನ್ನು ಬಿಟ್ಟುಕೊಟ್ಟರು. ಎರಡು ಸೀಸನ್, 30 ಕಂತುಗಳು ಮುಗಿದ ಮೇಲೆ, 2023ರ ಸೆಪ್ಟೆಂಬರಿನಲ್ಲಿ ವೇದಿಕೆ ಅದನ್ನು ರದ್ದು ಮಾಡಿತು. ಆ ಕೆಲವರಲ್ಲಿ ತಂದೆ ಯಾರೆಂಬುದನ್ನು ಧಾರಾವಾಹಿ ಅಷ್ಟರೊಳಗೆ ಹೇಳಿರಲಿಲ್ಲ, ಮತ್ತು ಈ ಬಾರಿ ಅದನ್ನು ಹೇಳಿ ಮುಗಿಸುವ ಅವಕಾಶವನ್ನೂ ಬರಹಗಾರರಿಗೆ ಯಾರೂ ಕೊಡಲಿಲ್ಲ.